ನಗಿಸುವ ದೆವ್ವಗಳು

ಹಸಿವು ನಿದ್ರೆಗಳಂತೆಯೇ ಭಯವೂ ಮನುಷ್ಯನಿಗೆ ಸಹಜವಾದುದು. ಆದರೆ ಮನೆಯಲ್ಲಿ ಸುಖವಾಗಿ ಕುಳಿತಿರುವವನು ಭಯವನ್ನು ಹುಡುಕಿಕೊಂಡು, ಅದೂ ಕೈಯಿಂದ ಹಣ ತೆತ್ತು, ಚಿತ್ರಮಂದಿರಕ್ಕೆ ಹೋಗುವುದು ಸೋಜಿಗದ ಮಾತು. ಹೀಗೆ ಹೆದರಲೆಂದು ಹೋದವನು ಹೊಟ್ಟೆ ಹಿಡಿದುಕೊಂಡು ನಗುತ್ತ ಹಿಂದಿರುಗುವುದು ಅದಕ್ಕಿಂತಲೂ ಸೋಜಿಗ. ಅಲ್ಪ ಬಂಡವಾಳದಲ್ಲಿ ತಯಾರಾದ ದೆವ್ವದ ಹಾಸ್ಯಚಿತ್ರಗಳು ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿವೆ. ಇವು ಕೀಳು ಅಭಿರುಚಿಯವೆಂದು ಮೂಗು ಮುರಿಯುವ ಹಿರಿಯರು ನಮ್ಮ ಮನೆಯಲ್ಲಿಯೂ ಉಂಟು. ಬಾಗಿಲು ಹಾಕಿಕೊಂಡು ನೋಡುವ ಕಿರಿಯರೂ ಉಂಟು. ಇಂತಹ ಚಿತ್ರಗಳು ಗೃಹಸ್ಥರ ಮನೆಯೊಳಕ್ಕೆ ಬರತಕ್ಕವೇ, ಬಂದರೆ ಅವುಗಳಿಂದ ಆಗುವ ಪ್ರಯೋಜನವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಭಯವೂ ನಗೆಯೂ ಒಂದೆಡೆ ಬಾಳಲಾರವೆಂಬುದು ನಮ್ಮ ಅಲಂಕಾರಿಕರ ಮತ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ಎಣಿಸಿರುವನು. ಶಾಸ್ತ್ರವು ಹೀಗಿದ್ದರೂ ನಮ್ಮ ಕಥೆಗಾರರು ಆ ಕಟ್ಟಳೆಯನ್ನು ಎಂದೂ ಪೂರ್ತಿಯಾಗಿ ಪಾಲಿಸಿದವರಲ್ಲ. ಬಕಾಸುರನ ಕಥೆಯನ್ನೇ ತೆಗೆದುಕೊಳ್ಳಬಹುದು. ಊರಿಗೆ ಊರೇ ನಡುಗುವ ರಾಕ್ಷಸನ ಎದುರಿಗೆ ಭೀಮನು ಬಂಡಿಯ ಅನ್ನವನ್ನು ತಾನೇ ಉಣ್ಣುತ್ತ ಕೂರುವನು. ರಾಕ್ಷಸನು ಬಂದು ಬೆನ್ನಿಗೆ ಗುದ್ದಿದರೂ ತುತ್ತನ್ನು ಬಿಡನು. ಕೇಳುವ ಮಕ್ಕಳು ಆ ಕ್ಷಣದಲ್ಲಿ ಹೆದರಬೇಕಾದುದನ್ನು ಮರೆತು ನಗುವರು. ಕರಾವಳಿಯ ಯಕ್ಷಗಾನದಲ್ಲಿಯೂ ಇದೇ ಕ್ರಮ. ಬಣ್ಣದ ವೇಷವು ಆರ್ಭಟಿಸುತ್ತ ರಂಗಕ್ಕೆ ಬರುವಾಗ ತಾಯಂದಿರ ಮಡಿಲಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುವುವು. ಆ ರಕ್ಕಸನ ದೂತನಾಗಿ ಬಂದ ಹಾಸ್ಯಗಾರನು ಒಡೆಯನಿಗೇ ಎದುರುತ್ತರ ಕೊಡತೊಡಗಿದೊಡನೆ ಸಭೆಯೆಲ್ಲ ನಗೆಗಡಲಾಗುವುದು.

ಮೈಸೂರಿನವರಾದ ನಮಗೆ ಈ ವಿದ್ಯೆಯನ್ನು ಬೇರೆ ಊರಿನವರು ಕಲಿಸಬೇಕಾಗಿಲ್ಲ. ಊರಿನ ಹೆಸರೇ ಮಹಿಷನಿಂದ ಬಂದುದು. ಚಾಮುಂಡಿಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗವನ್ನೂ ಇನ್ನೊಂದರಲ್ಲಿ ಹಾವನ್ನೂ ಹಿಡಿದು, ಹುರಿಮೀಸೆ ಬಿಟ್ಟು, ಕಣ್ಣರಳಿಸಿ ನಿಂತ ಮಹಿಷಾಸುರನನ್ನು ಕಂಡು ಹೆದರಿದ ಮಗುವನ್ನು ನಾವು ಇದುವರೆಗೆ ಕಂಡಿಲ್ಲ. ಅವನ ಮುಂದೆ ನಿಂತು ಸಂಸಾರಸಮೇತ ಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಹೊಳೆಯುವ ಬಣ್ಣಗಳಲ್ಲಿ ಮಿಂದ ಆ ದೈತ್ಯನು ನಮಗೆ ಮನೆಯ ದೊಡ್ಡ ಸೋದರಮಾವನಂತೆ ಆಗಿಬಿಟ್ಟಿರುವನು. ದೇವಿಯು ಅವನನ್ನು ತ್ರಿಶೂಲದಿಂದ ಗೆದ್ದಳು. ಊರಿನವರು ಅವನನ್ನು ಸಲಿಗೆಯಿಂದ ಗೆದ್ದರು.

ಕನ್ನಡ ಚಲಚ್ಚಿತ್ರದ ಚರಿತ್ರೆಯಲ್ಲಿಯೂ ಅಗ್ಗದ ಮಾಯಾಲೋಕದ ಒಂದು ಬೇರು ಮೈಸೂರಿನಲ್ಲಿಯೇ ಇದೆ. ಉಡುಪಿಯ ಕಡೆಯಿಂದ ಬಂದು, ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸುಗಳನ್ನು ಕಟ್ಟಿಕೊಂಡು ತಿರುಗಿದ ಬಿ. ವಿಠಲಾಚಾರ್ಯರು 1944ರ ಸುಮಾರಿಗೆ ಮೈಸೂರಿಗೆ ಬಂದು, ಡಿ. ಶಂಕರ್‌ಸಿಂಗ್ ಮೊದಲಾದ ಗೆಳೆಯರೊಡನೆ ಮಹಾತ್ಮಾ ಪಿಕ್ಚರ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1949ರ ‘ನಾಗಕನ್ನಿಕಾ’, 1951ರ ‘ಜಗನ್ಮೋಹಿನಿ’ ಈ ಸಂಸ್ಥೆಯ ಚಿತ್ರಗಳು. ‘ಜಗನ್ಮೋಹಿನಿ’ಯು ನೂರು ದಿನ ನಡೆದ ಮೊದಲ ಕನ್ನಡ ಚಿತ್ರವೆಂದು ಹೆಸರಾಗಿದೆ. ಅನಂತರ ವಿಠಲಾಚಾರ್ಯರು ಮದರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಚಿತ್ರಗಳ ದೊರೆಯೇ ಆದರು. 1978ರಲ್ಲಿ ‘ಜಗನ್ಮೋಹಿನಿ’ ಎಂಬ ಹೆಸರಿನಲ್ಲಿಯೇ ತೆಗೆದ ದೆವ್ವದ ಚಿತ್ರವು ಊರೂರುಗಳಲ್ಲಿ ಜನರನ್ನು ಸೆಳೆಯಿತು. ಅವರು ಖರ್ಚಿನಲ್ಲಿ ಬಲು ಬಿಗಿ. ಯಾವ ನಟನಾದರೂ ಹೇಳಿದ ದಿನಕ್ಕೆ ಬಾರದೆ ಸತಾಯಿಸಿದರೆ, ಕಥೆಯಲ್ಲಿ ಒಬ್ಬ ಮುನಿಯಿಂದ ಶಾಪ ಕೊಡಿಸಿ ಅವನ ಪಾತ್ರವನ್ನು ಗಿಳಿಯೋ ಕೋತಿಯೋ ಆಗಿ ಮಾರ್ಪಡಿಸಿಬಿಡುತ್ತಿದ್ದರೆಂದು ಇಂದಿಗೂ ಹೇಳಿಕೊಂಡು ನಗುವರು. ಅವರ ದೆವ್ವಗಳು ಸೌದೆಯ ಬದಲು ತಮ್ಮ ಕಾಲುಗಳನ್ನೇ ಒಲೆಗೆ ಇಟ್ಟು ಅಡಿಗೆ ಮಾಡತಕ್ಕವು. ಸೌದೆಗೂ ಸೀಮೆಎಣ್ಣೆಗೂ ಸಾಲಿನಲ್ಲಿ ನಿಂತು ಬೇಸತ್ತಿದ್ದ ಗೃಹಿಣಿಯರು ಆ ದೆವ್ವವನ್ನು ಕಂಡು ಹೆದರುವ ಮೊದಲು ಅಸೂಯೆಪಟ್ಟಿದ್ದರೆ ಆಶ್ಚರ್ಯವಿಲ್ಲ.

ಹೊರದೇಶಗಳಲ್ಲಿಯೂ ಕಥೆಯು ಹೀಗೆಯೇ ನಡೆದಿದೆ. ಮೇರಿ ಶೆಲ್ಲಿಯವರು 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯು 1931ರಲ್ಲಿ ಅಮೆರಿಕದಲ್ಲಿ ಭಯಂಕರ ಚಿತ್ರವಾಗಿ ಬಂದಿತು. ಹದಿನೇಳೇ ವರ್ಷಗಳಲ್ಲಿ, ಅಂದರೆ 1948ರಲ್ಲಿ, ಅಬಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯನಟರಿಬ್ಬರು ಅದೇ ರಕ್ಕಸನನ್ನು ಭೇಟಿಯಾಗುವ ನಗೆಚಿತ್ರವು ಸಿದ್ಧವಾಯಿತು. 1931ರ ಚಿತ್ರದಲ್ಲಿ ಡ್ರಾಕುಲನಾಗಿ ಜನರನ್ನು ನಡುಗಿಸಿದ್ದ ಬೇಲಾ ಲುಗೋಸಿಯವರೇ ಇದರಲ್ಲಿಯೂ ಡ್ರಾಕುಲನ ಪಾತ್ರವನ್ನು ವಹಿಸಿದರು. 1960ರಲ್ಲಿ ರೋಜರ್ ಕಾರ್ಮನ್ನರು ಮನುಷ್ಯರನ್ನು ನುಂಗುವ ಗಿಡವೊಂದರ ಹಾಸ್ಯಚಿತ್ರದ ಬಹುಭಾಗವನ್ನು ಎರಡೇ ದಿನಗಳಲ್ಲಿ ಚಿತ್ರೀಕರಿಸಿ ಮುಗಿಸಿದರು. 1974ರಲ್ಲಿ ಮೆಲ್ ಬ್ರೂಕ್ಸ್ ಅವರು ‘ಯಂಗ್ ಫ್ರಾಂಕೆನ್‌ಸ್ಟೈನ್’ ತೆಗೆದಾಗ, ಮೊದಲ ಚಿತ್ರದಲ್ಲಿ ಬಳಸಿದ್ದ ಪ್ರಯೋಗಶಾಲೆಯ ಉಪಕರಣಗಳನ್ನೇ ತಂದಿರಿಸಿ ನಗಿಸಿದರು. ತಂದೆಯ ಕಾಲದಲ್ಲಿ ನಡುಗಿಸಿದ ಸಾಮಾನೇ ಮಗನ ಕಾಲದಲ್ಲಿ ನಗಿಸಿತು.

ಇಂತಹ ಚಿತ್ರಗಳಿಗೆ ಬಡತನವು ಒಂದು ಉಪಕಾರವನ್ನೇ ಮಾಡಿದೆಯೆಂದು ನಮ್ಮ ಅಭಿಪ್ರಾಯ. ಹೇರಳ ಹಣ ಸುರಿದು ಮಾಡಿದ ಪಿಶಾಚಿಯು ಕಣ್ಣನ್ನು ಪೂರ್ತಿಯಾಗಿ ನಂಬಿಸುವುದು. ನೋಡುವವನಿಗೆ ಬಿಡುವೇ ಇರದು. ಅಗ್ಗದ ದೆವ್ವದಲ್ಲಾದರೋ ಎಲ್ಲಿಯೋ ಒಂದು ದಾರ ಕಾಣುವುದು, ಬಿಳಿಯ ಸೀರೆಯ ಅಂಚಿನಲ್ಲಿ ಅಂಗಡಿಯ ಮೊಹರು ಕಾಣುವುದು. ಹತ್ತು ವರ್ಷದ ಹುಡುಗನು ಅದನ್ನು ಕಂಡುಹಿಡಿದು, ‘ನೋಡಿ ತಾತ, ಕಾಲು ನೆಲದ ಮೇಲೆಯೇ ಇದೆ’ ಎಂದು ಕೂಗುವನು. ಅಷ್ಟರಲ್ಲಿ ಅವನು ಹೆದರುವವನ ಸ್ಥಾನದಿಂದ ಪರೀಕ್ಷಿಸುವವನ ಸ್ಥಾನಕ್ಕೆ ಏರಿರುವನು. ಮಕ್ಕಳಿಗೆ ಇದಕ್ಕಿಂತ ಅಗ್ಗದ ಶಿಕ್ಷಣವು ದೊರೆಯಲಾರದು.

ಏಕೆಂದರೆ ಭಯವನ್ನು ನಾವು ಮನೆಗಳಲ್ಲಿ ನಾಣ್ಯದಂತೆ ಬಳಸುತ್ತಿರುವೆವು. ಅನ್ನ ಉಣ್ಣದ ಕೂಸಿಗೆ ಗುಮ್ಮ, ನಿದ್ರಿಸದ ಕೂಸಿಗೆ ಬೂಚಿ, ಸಂಜೆ ಹೊರಗೆ ಹೋಗಬಯಸುವ ಹೆಣ್ಣುಮಗುವಿಗೆ ಹುಣಿಸೆಮರದ ಮೋಹಿನಿ! ಬೆಳೆದವರಿಗೂ ಬಿಡುಗಡೆಯಿಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ನಮ್ಮ ನಾಡಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ರಾತ್ರಿ ಒಂದು ದೆವ್ವವು ಬಂದು ಮನೆಯವರ ದನಿಯಲ್ಲಿಯೇ ಕರೆಯುವುದೆಂದೂ, ಬಾಗಿಲು ತೆರೆದವನು ಉಳಿಯನೆಂದೂ, ಬರಹವನ್ನು ಓದಿದರೆ ಮರುದಿನ ಬರೋಣವೆಂದು ಹಿಂದಿರುಗುವುದೆಂದೂ ನಂಬಿಕೆ. ಜನರು ನಡುಗುತ್ತಲೇ ಬರೆದರು. ಆದರೆ ಆ ಉಪಾಯದಲ್ಲಿಯೇ ನಗೆಯು ಅಡಗಿತ್ತು. ಕನ್ನಡವನ್ನು ತಪ್ಪಿಲ್ಲದೆ ಓದಬಲ್ಲ, ಕೊಟ್ಟ ವಾಯಿದೆಯನ್ನು ಪ್ರತಿದಿನವೂ ಮರ್ಯಾದೆಯಿಂದ ಒಪ್ಪಿಕೊಳ್ಳುವ ಇಂತಹ ದೆವ್ವವನ್ನು ಸಾಲಗಾರರಿಂದ ಪೀಡಿತನಾದ ಗೃಹಸ್ಥನು ಅಸೂಯೆಯಿಂದ ನೆನೆಯಬೇಕು. ಈ ಕಥೆಯನ್ನೇ ಹಿಂದಿಯವರು ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿ 2018ರಲ್ಲಿ ‘ಸ್ತ್ರೀ’ ಎಂಬ ಹಾಸ್ಯಚಿತ್ರವನ್ನು ಮಾಡಿದರು. ನಮ್ಮ ಬಾಗಿಲ ಬರಹವು ದೇಶಕ್ಕೆಲ್ಲ ನಗೆಯನ್ನು ಹಂಚಿತು.

ಕನ್ನಡದಲ್ಲಿ ಈಚಿನ ದೊಡ್ಡ ಉದಾಹರಣೆ 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’. ಇದರ ನಿರ್ದೇಶಕರೂ ಮುಖ್ಯ ನಟರೂ ಆದ ಜೆ. ಪಿ. ತುಮಿನಾಡು ಅವರ ಹೆಸರಿನಲ್ಲಿಯೇ ಕಾಸರಗೋಡು ಜಿಲ್ಲೆಯ ಗಡಿಯ ಊರಿದೆ. ಅವರು ರಂಗಭೂಮಿಯಿಂದ ಬಂದವರು. ರಾಜ್ ಬಿ. ಶೆಟ್ಟಿಯವರು ನಿರ್ಮಾಪಕರಲ್ಲಿ ಒಬ್ಬರು. ದೊಡ್ಡ ತಾರೆಯರ ಆಡಂಬರವಿಲ್ಲದೆ ಮಿತವಾದ ವೆಚ್ಚದಲ್ಲಿ ತೆಗೆದ ಈ ಚಿತ್ರವು 100 ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. ಕಥೆಯಲ್ಲಿ ಒಬ್ಬ ತರುಣನು ಮಾಡಬಾರದ ಚೇಷ್ಟೆಯೊಂದನ್ನು ಮುಚ್ಚಿಕೊಳ್ಳುವುದಕ್ಕಾಗಿ ಮೈಮೇಲೆ ದೆವ್ವ ಬಂದವನಂತೆ ನಟಿಸುವನು. ಊರಿನವರು ಅವನ ಬಾಯಿಂದ ಸೋಮೇಶ್ವರದ ಸುಲೋಚನೆ ಎಂಬ ಹೆಸರನ್ನು ಹೊರಡಿಸುವರು. ಮುಂದೆ ಅವನಿಗೆ ಸುಳ್ಳಿನಿಂದ ಹೊರಬರಲು ಬಾಗಿಲೇ ದೊರೆಯದು; ಊರಿಗೆ ಸುಳ್ಳೇ ಬೇಕಾಗಿರುವುದು. ಅಷ್ಟರಲ್ಲಿ ಆ ಸುಲೋಚನೆಯು ನಿಜವಾಗಿಯೂ ಬದುಕಿ ಸತ್ತವಳೆಂದು ತಿಳಿಯುವುದು. ಅವಳ ಮಗಳು ಎದುರಿಗೆ ಬಂದು ನಿಲ್ಲುವಳು. ಅದುವರೆಗೆ ಬಿದ್ದು ಬಿದ್ದು ನಕ್ಕವರ ನಗೆಯು ಅಲ್ಲಿ ಗಂಟಲಲ್ಲಿಯೇ ನಿಲ್ಲುವುದು.

ಈ ಚಿತ್ರವನ್ನು ನಾವು ಮನೆಯ ಟಿವಿಯಲ್ಲಿ ನೋಡಿದ ದಿನ ನೆರೆಯ ಹೆಂಗಸರೊಬ್ಬರೂ ಬಂದು ಕುಳಿತಿದ್ದರು. ಅವರ ಸೊಸೆಗೆ ಕೆಲವು ತಿಂಗಳ ಹಿಂದೆ ಗರ್ಭ ಇಳಿದುಹೋಗಿದ್ದಿತು. ಅಂದಿನಿಂದ ಆ ಹುಡುಗಿಯು ರಾತ್ರಿಯ ಹೊತ್ತು ಎದ್ದು ಕುಳಿತು ತನಗೇ ಗುರುತಿಲ್ಲದ ದನಿಯಲ್ಲಿ ಅಳುತ್ತಿದ್ದಳು. ಗಾಳಿ ಸೋಕಿದೆಯೆಂದು ಬಂಧುಗಳು ತೀರ್ಮಾನಿಸಿ ಒಬ್ಬ ಮಂತ್ರವಾದಿಯನ್ನು ಗೊತ್ತುಮಾಡಿದ್ದರು. ಮೂವತ್ತು ಸಾವಿರ ರೂಪಾಯಿ, ಒಂದು ಕಪ್ಪು ಕೋಳಿ, ಅಮಾವಾಸ್ಯೆಯ ರಾತ್ರಿ ಬೇವಿನ ಸೊಪ್ಪಿನಿಂದ ಬಡಿಯುವುದು, ಇಷ್ಟು ಅವನ ಕರಾರು. ಚಿತ್ರದಲ್ಲಿ ಗುರೂಜಿಯ ಪ್ರವೇಶವಾದಾಗ ಆಕೆಯು ಎಲ್ಲರಿಗಿಂತ ಹೆಚ್ಚಾಗಿ ನಕ್ಕರು. ಚಿತ್ರ ಮುಗಿದ ಮೇಲೆ ಮಾತ್ರ ಏಳದೆ ಕುಳಿತಿದ್ದು ನಮ್ಮ ಮನೆಯಾಕೆಯನ್ನು ಕುರಿತು, ‘ಅಕ್ಕಾ, ಆ ಹುಡುಗನೇನೋ ಸುಳ್ಳಿಗೆ ಕುಣಿದ. ನಮ್ಮ ಹುಡುಗಿ ಅಳುವುದು ಸುಳ್ಳಲ್ಲವಲ್ಲ’ ಎಂದರು.

‘ಸುಳ್ಳಲ್ಲದ ಅಳುವಿಗೆ ಸೊಪ್ಪಿನ ಪೆಟ್ಟು ಮದ್ದಾದೀತೇನಮ್ಮಾ?’ ಎಂದು ಮನೆಯಾಕೆಯು ಕೇಳಿದಳು.

ಆಕೆ ಉತ್ತರ ಕೊಡಲಿಲ್ಲ. ಮೂರು ದಿನ ಮನೆಯಲ್ಲಿ ವಾದವಿವಾದಗಳು ನಡೆದುವಂತೆ. ನಾಲ್ಕನೆಯ ದಿನ ಅತ್ತೆಯೇ ಸೊಸೆಯನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಮನೋವೈದ್ಯರಲ್ಲಿಗೆ ಹೋದರು. ಗರ್ಭ ಹೋದ ದುಃಖವು ಒಳಗೆ ಹೆಪ್ಪುಗಟ್ಟಿದರೆ ಹೀಗೂ ಆಗಬಹುದೆಂದು ವೈದ್ಯರು ತಿಳಿಯಹೇಳಿ, ಔಷಧ ಕೊಟ್ಟು, ಹುಡುಗಿಯ ಮಾತನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಕೇಳಿದರು. ಅವಳು ಈಗ ಬಹುಮಟ್ಟಿಗೆ ಗೆಲುವಾಗಿರುವಳು. ಕೆಲವು ರಾತ್ರಿ ಇನ್ನೂ ಅಳುವುದುಂಟು. ಅವರ ಬಾಗಿಲಲ್ಲಿ ನಿಂಬೆಯ ಹಣ್ಣೂ ಮೆಣಸಿನಕಾಯಿಯೂ ಈಗಲೂ ತೂಗುತ್ತಿವೆ. ಅದರಿಂದ ಯಾರಿಗೂ ಪೆಟ್ಟಿಲ್ಲವಾದುದರಿಂದ ನಾವು ಆ ಮಾತನ್ನು ಎತ್ತಿಲ್ಲ.

ಒಂದು ಚಲಚ್ಚಿತ್ರವು ರೋಗವನ್ನು ವಾಸಿಮಾಡಿತೆಂದು ನಾವು ಹೇಳುವುದಿಲ್ಲ. ವಾಸಿಮಾಡುತ್ತಿರುವವರು ವೈದ್ಯರು, ಮತ್ತು ಧೈರ್ಯ ತಂದುಕೊಂಡ ಅತ್ತೆ. ನಗೆಯು ಮಾಡಿದುದು ಇಷ್ಟೇ: ಮಂತ್ರವಾದಿಯ ಗಡ್ಡಕ್ಕೂ ಗದರಿಕೆಗೂ ಇದ್ದ ತೂಕವನ್ನು ಒಂದು ಸಂಜೆಯ ಮಟ್ಟಿಗೆ ಇಳಿಸಿತು. ಹೆದರಿದವನು ಪ್ರಶ್ನೆ ಕೇಳಲಾರನು. ಒಮ್ಮೆ ನಕ್ಕವನು ಕೇಳಬಲ್ಲನು. ಹುಣಸೂರಿನಲ್ಲಿ ಹುಟ್ಟಿ ನಾಡನ್ನೇ ನಗಿಸಿದ ದ್ವಾರಕೀಶರು 2004ರಲ್ಲಿ ನಿರ್ಮಿಸಿದ ‘ಆಪ್ತಮಿತ್ರ’ದಲ್ಲಿಯೂ, ಮೈಸೂರಿನವರೇ ಆದ ವಿಷ್ಣುವರ್ಧನರು ಮನೋವೈದ್ಯನ ಪಾತ್ರದಲ್ಲಿ ಬಂದು, ನಾಗವಲ್ಲಿಯೆಂದು ಕುಣಿಯುವವಳ ಮೈಯಲ್ಲಿ ಇರುವುದು ರೋಗವೆಂದು ತೋರಿಸಿದರು. ಮಂತ್ರಮಾಟಗಳ ಹೆಸರಿನಲ್ಲಿ ಮೈಗೆ ಹಿಂಸೆ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯಿದೆಯೂ ಇದೆ. ಅದು 2020ರಲ್ಲಿ ಜಾರಿಗೆ ಬಂದಿತು. ಆದರೆ ಕಾಯಿದೆಯು ಪೋಲೀಸು ಠಾಣೆಯಲ್ಲಿರುವುದು, ಭಯವು ಅಡಿಗೆಯ ಮನೆಯಲ್ಲಿರುವುದು. ಅಲ್ಲಿಗೆ ಸುಲಭವಾಗಿ ಪ್ರವೇಶವುಳ್ಳುದು ನಗೆಯೊಂದೇ.

ಎಲ್ಲ ದೆವ್ವದ ಹಾಸ್ಯಚಿತ್ರಗಳೂ ಒಳ್ಳೆಯವೆಂದು ಇದರಿಂದ ತಿಳಿಯಬಾರದು. ಕುರೂಪಿಯನ್ನೂ, ಕುಳ್ಳನನ್ನೂ, ಬುದ್ಧಿ ಕದಡಿದವರನ್ನೂ ನಗೆಗೀಡುಮಾಡುವ ಚಿತ್ರಗಳು ಬೇಕಾದಷ್ಟಿವೆ. ಅವು ಭಯವನ್ನು ಕಳೆಯದೆ ಕ್ರೌರ್ಯವನ್ನು ಕಲಿಸುವುವು. ಹಾಗೆಯೇ ತುಳುನಾಡಿನ ಭೂತಾರಾಧನೆಯಂತಹ ಭಕ್ತಿಯ ಆಚರಣೆಗಳಿಗೂ ಮೋಸಗಾರನ ಬೂಟಾಟಿಕೆಗೂ ಇರುವ ಅಂತರವನ್ನು ಅರಿಯದ ಹಾಸ್ಯವು ಹಾಸ್ಯವಲ್ಲ. ನಗುವುದು ಯಾರನ್ನು ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಆಯ್ಕೆಯು ಕಷ್ಟವಲ್ಲ. ಹೆದರಿಸಿ ಹಣ ಕೀಳುವವನನ್ನು ನೋಡಿ ನಗಿಸಿದರೆ ಆ ಚಿತ್ರವನ್ನು ಮನೆಯೊಳಕ್ಕೆ ಬರಮಾಡಿಕೊಳ್ಳಬಹುದು. ಹೆದರಿದವಳನ್ನು ನೋಡಿ ನಗಿಸಿದರೆ ಹೊಸ್ತಿಲಾಚೆಯೇ ನಿಲ್ಲಿಸಬಹುದು.

ಆದುದರಿಂದ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮಕ್ಕಳು ಇಂತಹ ಚಿತ್ರವನ್ನು ನೋಡುವಾಗ ಬೈಯುತ್ತ ಬೇರೆ ಕೋಣೆಗೆ ಹೋಗದೆ ಜೊತೆಯಲ್ಲಿ ಕುಳಿತುಕೊಳ್ಳಿ. ಹೆದರಿದಾಗ ಕೈ ಹಿಡಿಯುವುದಕ್ಕೂ, ದಾರ ಕಂಡಾಗ ಒಟ್ಟಿಗೆ ನಗುವುದಕ್ಕೂ ಒಬ್ಬರು ಬಳಿಯಲ್ಲಿರಬೇಕು. ಆ ಬಳಿಕ ದೀಪ ಆರಿಸಿ ಮಲಗಿಕೊಂಡ ಮಗುವು ಕತ್ತಲಲ್ಲಿ ಏನೋ ಸದ್ದಾಯಿತೆಂದು ಕೂಗಿದರೆ, ಗುಮ್ಮನ ಹೆಸರನ್ನೆತ್ತದೆ, ಎದ್ದು ದೀಪ ಹಚ್ಚಿ, ಬೆಕ್ಕನ್ನು ತೋರಿಸಿ.