ಘರ್ಷಣೆಯಿಲ್ಲದ ರಾಟೆ

ನನ್ನ ತಮ್ಮನ ಮಗಳು ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಪಿಯುಸಿಗೆ ವಿಜ್ಞಾನ ತೆಗೆದುಕೊಂಡು, ಕಾಲೇಜು ಹತ್ತಿರವೆಂದು ಸಾಗರ ಪಟ್ಟಣದ ಪಕ್ಕದ ನಮ್ಮ ಮನೆಯಲ್ಲೇ ಉಳಿದಿದ್ದಾಳೆ. ಜೂನ್ ತಿಂಗಳ ಒಂದು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಭೌತಶಾಸ್ತ್ರದ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ನಾನು ರೊಟ್ಟಿ ತಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ.

"ಅತ್ತೆ, ಲೆಕ್ಕ ಮಾಡೋದು ಆಮೇಲೆ. ಇದರಲ್ಲಿರೋದು ಏನು ಅಂತಲೇ ಗೊತ್ತಾಗ್ತಿಲ್ಲ."

ಪುಸ್ತಕ ಇಸಿದುಕೊಂಡು ಓದಿದೆ. ಫ್ರಿಕ್ಷನ್‌ಲೆಸ್ ಪುಲ್ಲಿ, ಇನೆಕ್ಸ್‌ಟೆನ್ಸಿಬಲ್ ಸ್ಟ್ರಿಂಗ್, ಅದರ ಒಂದು ತುದಿಗೆ 3 ಕಿಲೊ, ಇನ್ನೊಂದಕ್ಕೆ 2 ಕಿಲೊ. ಅದೇ ಹೊತ್ತಿಗೆ ಹಿತ್ತಲಿನ ಬಾವಿಯಲ್ಲಿ ಯಾರೋ ನೀರು ಸೇದುತ್ತಿದ್ದರು. ರಾಟೆ ಕಿರುಗುಟ್ಟುವುದು ಇಬ್ಬರಿಗೂ ಕೇಳಿಸಿತು. ಹುಡುಗಿ ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಆ ಸದ್ದಿಗೂ ಈ ಪುಟಕ್ಕೂ ಸಂಬಂಧವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮಕ್ಕಳು ಭೌತಶಾಸ್ತ್ರದ ಲೆಕ್ಕದಲ್ಲಿ ಎಡವುವುದು ಸೂತ್ರದ ಬಳಿ ಅಲ್ಲ, ಅದಕ್ಕೂ ಮೊದಲೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಲೆಕ್ಕದೊಳಗಿನ ವಸ್ತು ಕಣ್ಣಿಗೆ ಕಟ್ಟದಿದ್ದರೆ ಉಳಿಯುವುದು ಬರೀ ಅಕ್ಷರಗಳು. ಅಕ್ಷರಗಳಿಗೆ ಭಾರವೂ ಇಲ್ಲ, ವೇಗವೂ ಇಲ್ಲ. ಆದ್ದರಿಂದ ಮೊದಲು ಆ ವಸ್ತು ನಮ್ಮ ಮನೆಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಹೆಚ್ಚಿನ ಸಲ ಅದು ಇದ್ದೇ ಇರುತ್ತದೆ.

ಒಲೆ ಆರಿಸಿ ಬಾವಿಕಟ್ಟೆಗೆ ಹೋದೆವು. ರಾಟೆಯ ಗೂಟಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಕಿರುಗುಟ್ಟುವುದು ನಿಂತು ಹಗುರವಾಗಿ ತಿರುಗತೊಡಗಿತು. "ಇದಕ್ಕಿಂತ ಹಗುರ, ಅದಕ್ಕಿಂತಲೂ ಹಗುರ ಅಂತ ಮನಸ್ಸಿನಲ್ಲೇ ಎಣ್ಣೆ ಬಿಡ್ತಾ ಹೋಗು. ಕೊನೆಗೆ ಎಲ್ಲಿ ಮುಟ್ಟುತ್ತೀಯೋ ಅದೇ ನಿನ್ನ ಪುಸ್ತಕದ ರಾಟೆ" ಎಂದೆ. ಹಿಗ್ಗದ ಹಗ್ಗ ಎಂದರೂ ಇಷ್ಟೇ: ಈ ತುದಿ ಒಂದು ಮೊಳ ಇಳಿದರೆ ಆ ತುದಿ ಒಂದು ಮೊಳವೇ ಏರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡು ಚೀಲದಲ್ಲಿ 3 ಕಿಲೊ, 2 ಕಿಲೊ ಅಕ್ಕಿ ಹಾಕಿ ಹಗ್ಗದ ಎರಡು ತುದಿಗೆ ಕಟ್ಟಿದೆವು. ಎರಡೆರಡು ಕಿಲೊ ಒಂದನ್ನೊಂದು ತೂಗಿಕೊಂಡು ಸುಮ್ಮನಾಗುತ್ತವೆ. ಮಿಕ್ಕಿದ್ದು ಒಂದೇ ಕಿಲೊ. ಅದೊಂದೇ ಎಳೆಯುವುದು, ಆದರೆ ಎಳೆಸಿಕೊಂಡು ಚಲಿಸಬೇಕಾದದ್ದು ಐದೂ ಕಿಲೊ. ಹಾಗಾಗಿ ವೇಗೋತ್ಕರ್ಷ ಗುರುತ್ವದ ಐದರಲ್ಲೊಂದು ಪಾಲು, ಸೆಕೆಂಡಿಗೆ ಸೆಕೆಂಡಿಗೆ 1.96 ಮೀಟರು. ಇಷ್ಟು ಹೇಳುವಾಗ ಒಂದು ಸೂತ್ರವೂ ಬೇಕಾಗಲಿಲ್ಲ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರು ಬೀಳುತ್ತದೆ. ಈ ಚೀಲ ಹೆಚ್ಚೆಂದರೆ ಒಂದು ಮೀಟರು ಇಳಿಯಬೇಕು. ನಮ್ಮ ರಾಟೆಯಲ್ಲಿ ಇನ್ನೂ ನಿಧಾನವಾಗಿ ಇಳಿಯಿತು. ಆ ವ್ಯತ್ಯಾಸವೇ ಘರ್ಷಣೆ ಎಂದು ಅವಳೇ ಹೇಳಿದಳು.

ಜಾರ್ಜ್ ಅಟ್‌ವುಡ್ ಎಂಬ ಕೇಂಬ್ರಿಜ್ಜಿನ ಅಧ್ಯಾಪಕ 1784ರಲ್ಲಿ ಇದೇ ಉಪಕರಣದ ವಿವರವನ್ನು ಪ್ರಕಟಿಸಿದ. ಕಲ್ಲು ಬೀಳುವುದು ಕಣ್ಣಿಗೆ ಸಿಕ್ಕದಷ್ಟು ಬೇಗ. ಹೆಚ್ಚು ಕಡಿಮೆ ಸಮತೂಕದ ಎರಡು ಬಟ್ಟುಗಳನ್ನು ರಾಟೆಗೆ ತೂಗುಹಾಕಿದರೆ ಅದೇ ಬೀಳುವಿಕೆ ನಿಧಾನವಾಗಿ, ಅಳೆಯಲು ಬರುತ್ತದೆ. ಅವನಿಗಿಂತ ಮೊದಲು ಗಲಿಲಿಯೊ ಇದೇ ತೊಂದರೆಗೆ ಇಳಿಜಾರು ಹಲಗೆಯ ಉಪಾಯ ಹುಡುಕಿದ್ದ. 1638ರ ತನ್ನ ಪುಸ್ತಕದಲ್ಲಿ ಅವನು ಹೊತ್ತನ್ನು ಅಳೆದ ಬಗೆ ಹೇಳುತ್ತಾನೆ: ದೊಡ್ಡ ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ನೀರು ಹರಿಸಿ, ಗುಂಡು ಉರುಳುವಷ್ಟು ಹೊತ್ತಿನಲ್ಲಿ ಶೇಖರವಾದ ನೀರನ್ನು ತಕ್ಕಡಿಯಲ್ಲಿ ತೂಗುವುದು. ಕಾಲವನ್ನು ತಕ್ಕಡಿಗೆ ಹಾಕಿದ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ತೂತಿನ ಬಟ್ಟಲು ನೀರಿನಲ್ಲಿ ಮುಳುಗುವುದನ್ನು ನೋಡಿ 24 ನಿಮಿಷದ ಒಂದು ಘಳಿಗೆ ಎಣಿಸಿ ಮುಹೂರ್ತ ನೋಡಿದ ನಮ್ಮ ಹಿರಿಯರಿಗೆ ಅವನ ಪ್ರಯೋಗ ಹೇಳಿದ್ದರೆ ಕೂಡಲೇ ಅರ್ಥವಾಗುತ್ತಿತ್ತು.

ಎಲ್ಲಿಗೋ ಹೋದೆ. ಬಾವಿಯ ಮಾತಿಗೆ ಬರುತ್ತೇನೆ. ಮರುದಿನ ಹುಡುಗಿ ತಾನೇ ಇನ್ನೊಂದು ಲೆಕ್ಕ ತಂದಳು: ಬಾವಿಗೆ ಕಲ್ಲು ಹಾಕಿದ ಇಷ್ಟು ಹೊತ್ತಿಗೆ ಸದ್ದು ಕೇಳಿದರೆ ನೀರು ಎಷ್ಟು ಆಳದಲ್ಲಿದೆ? ಮನೆಯ ಬಾವಿ ಕುಡಿಯುವ ನೀರಿನದು, ಕಲ್ಲು ಹಾಕುವಂತಿಲ್ಲ. ತೋಟದ ಬಾವಿಗೆ ಹೋದೆವು. ಫೋನಿನ ಗಡಿಯಾರ ಹಿಡಿದು ಹತ್ತು ಸಲ ಕಲ್ಲು ಬಿಟ್ಟೆವು. ಒಮ್ಮೆ 1.2 ಸೆಕೆಂಡು, ಒಮ್ಮೆ 1.6. ಸರಾಸರಿ ತೆಗೆದರೆ 1.4. ಕಾಲವನ್ನು ಕಾಲದಿಂದಲೇ ಗುಣಿಸಿ, ಮತ್ತೆ 4.9ರಿಂದ ಗುಣಿಸಿದರೆ 9.6 ಮೀಟರು, ಎಂದರೆ 31 ಅಡಿಗೆ ಸ್ವಲ್ಪ ಮೇಲೆ. ಆಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದ ಕಲ್ಲನ್ನು ಮೇಲೆಳೆದು ಹಗ್ಗವನ್ನು ಅಳೆದೆವು. ಐದು ಮಾರು. ಮಾರಿಗೆ 6 ಅಡಿಯಂತೆ 30 ಅಡಿ!

ಆ ಒಂದೂವರೆ ಅಡಿ ಎಲ್ಲಿ ಹೋಯಿತು ಎಂಬುದೇ ಅವತ್ತಿನ ನಿಜವಾದ ಪಾಠ. ಸದ್ದು ಮೇಲೆ ಬರಲು ಹಿಡಿದ ಹೊತ್ತನ್ನು ಕಳೆಯಲಿಲ್ಲವಲ್ಲ ಎಂದಳು. ಸರಿಯೇ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುವುದರಿಂದ ಅದಕ್ಕೆ ಬೇಕಾದ್ದು 0.03 ಸೆಕೆಂಡು. ಅದಕ್ಕಿಂತ ದೊಡ್ಡದು ನಮ್ಮ ಬೆರಳಿನ ತಪ್ಪು. 1.2 ಸೆಕೆಂಡೇ ಸರಿಯೆಂದುಕೊಂಡರೆ ಆಳ 23 ಅಡಿ, 1.6 ಎಂದರೆ 41. ಗುಂಡಿ ಒತ್ತುವುದರಲ್ಲಿ ಇಷ್ಟೇ ಇಷ್ಟು ಹಿಂದುಮುಂದಾದರೆ ಉತ್ತರ ಇಷ್ಟು ಅಲ್ಲಾಡುತ್ತದೆ. ಪುಸ್ತಕದಲ್ಲಿ ಕಾಲವನ್ನು ಕೊಟ್ಟಿರುತ್ತಾರೆ. ಅದನ್ನು ಯಾರೋ ಒಬ್ಬರು ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತು ಅಳೆದಿರಬೇಕು ಎಂಬುದನ್ನು ಹೇಳುವುದಿಲ್ಲ. ಒಂದು ಸಂಖ್ಯೆಯನ್ನು ಎಷ್ಟು ನಂಬಬೇಕು ಎಂದು ತಿಳಿಯುವುದು ಆ ಬಗ್ಗಿ ನಿಂತವರಿಗೆ ಮಾತ್ರ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಬ್ರೆಜಿಲ್ಲಿನಲ್ಲಿ ಪಾಠ ಮಾಡಿದ ಅನುಭವವನ್ನು ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ. ಅಲ್ಲಿನ ವಿದ್ಯಾರ್ಥಿಗಳು ವಕ್ರೀಭವನಾಂಕವುಳ್ಳ ಮಾಧ್ಯಮದಿಂದ ಪ್ರತಿಫಲಿಸಿದ ಬೆಳಕು ಧ್ರುವೀಕರಣ ಹೊಂದುವ ನಿಯಮವನ್ನು ಅಚ್ಚುಕಟ್ಟಾಗಿ ಒಪ್ಪಿಸುತ್ತಿದ್ದರು. ಕಿಟಕಿಯಾಚೆ ಕೊಲ್ಲಿಯ ನೀರು ಹೊಳೆಯುತ್ತಿತ್ತು. ಆ ನಿಯಮ ಹೇಳುವುದು ಆ ನೀರಿನ ಬಗ್ಗೆಯೇ ಎಂದು ಅವರಿಗೆ ಹೊಳೆದಿರಲಿಲ್ಲ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ತರಗತಿಯ ಕಿಟಕಿಯಾಚೆಯೂ ಒಂದು ಕೆರೆಯಿತ್ತು.

ಆದರೆ ನಿತ್ಯದ ಅನುಭವವೊಂದನ್ನೇ ನೆಚ್ಚಿಕೊಂಡರೂ ದಾರಿ ತಪ್ಪುತ್ತದೆ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ತಳ್ಳುವುದು ನಿಂತರೆ ಚಲನೆಯೂ ನಿಲ್ಲುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದನ್ನು ಲೋಕ ಸುಮಾರು ಎರಡು ಸಾವಿರ ವರ್ಷ ನಂಬಿದ್ದು ಅದಕ್ಕೇ. ಕಣ್ಣು ಕಂಡದ್ದು ಸುಳ್ಳಲ್ಲ, ನಡುವೆ ಕೈಯಾಡಿಸಿದ ಘರ್ಷಣೆ ಕಾಣಲಿಲ್ಲ ಅಷ್ಟೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಲು ಅಡಿಕೆ ಹಾಳೆ ಸಾಕು. ಒಬ್ಬರು ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಒರಟು ನೆಲದಲ್ಲಿ ಎಳೆಯುವವರು ನಿಂತ ತಕ್ಷಣ ಹಾಳೆಯೂ ನಿಲ್ಲುತ್ತದೆ. ಒದ್ದೆ ಹುಲ್ಲಿನ ಮೇಲೆ ಎರಡು ಮಾರು ಜಾರುತ್ತದೆ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ನಿಲ್ಲಿಸುವುದೇ ಕಷ್ಟ. ನೆಲ ನುಣುಪಾದಷ್ಟೂ ದೂರ ಹೆಚ್ಚುತ್ತದೆ. ನೆಲ ತಡೆಯುವುದೇ ಇಲ್ಲವೆಂದಾದರೆ? ನ್ಯೂಟನ್ನನ ಮೊದಲ ನಿಯಮ ಆ ಪ್ರಶ್ನೆಯ ತುದಿಯಲ್ಲಿ ಕೂತಿದೆ.

ಆ ಘರ್ಷಣೆಯನ್ನು ಅಳೆಯಲೂಬಹುದು. ಊಟದ ಮಣೆಯ ಮೇಲೆ ಹಿತ್ತಾಳೆ ಲೋಟ ಇಟ್ಟು ಒಂದು ಬದಿ ನಿಧಾನವಾಗಿ ಎತ್ತುತ್ತಾ ಬಂದೆವು. 60 ಸೆಂಟಿಮೀಟರ್ ಉದ್ದದ ಮಣೆ. ತುದಿ 18 ಸೆಂಟಿಮೀಟರ್ ಏರಿದಾಗ ಲೋಟ ಜಾರಿತು. ಆ ಎತ್ತರವನ್ನು ಅಡಿಯ ನೆಲದುದ್ದ 57ರಿಂದ ಭಾಗಿಸಿದರೆ 0.3ರ ಹತ್ತಿರ. ಪುಸ್ತಕದಲ್ಲಿ ಗ್ರೀಕ್ ಅಕ್ಷರವಾಗಿ ಕೂತಿದ್ದ ಘರ್ಷಣಾಂಕ ಅದೇ. ಲೋಟಕ್ಕೆ ಅರ್ಧ ನೀರು ತುಂಬಿ ಮತ್ತೆ ಎತ್ತಿದರೂ ಹೆಚ್ಚು ಕಡಿಮೆ ಅಲ್ಲೇ ಜಾರಿತು. ಭಾರ ಹೆಚ್ಚಾದರೆ ಒತ್ತುವುದೂ ಹೆಚ್ಚುತ್ತದೆ, ಎಳೆಯುವುದೂ ಹೆಚ್ಚುತ್ತದೆ, ಒಂದಕ್ಕೊಂದು ಸರಿಹೋಗುತ್ತದೆ. ಅವಳು ಆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದಳು.

ಉಷ್ಣದ ಲೆಕ್ಕಗಳಿಗೆ ಬಚ್ಚಲುಮನೆಗಿಂತ ಒಳ್ಳೆಯ ಜಾಗ ಇಲ್ಲ. ಹಂಡೆಯ ನೀರು 80 ಡಿಗ್ರಿ, ತಣ್ಣೀರು 25, ಮೈಗೆ ಹಿತವಾದದ್ದು 40. ಬಿಸಿನೀರು 40 ಡಿಗ್ರಿ ಇಳಿಯಬೇಕು, ತಣ್ಣೀರು 15 ಏರಬೇಕು. ಒಂದು ಕೊಟ್ಟದ್ದು ಇನ್ನೊಂದು ಪಡೆದದ್ದಕ್ಕೆ ಸಮ. ಆದ್ದರಿಂದ 3 ತಂಬಿಗೆ ಬಿಸಿನೀರಿಗೆ 8 ತಂಬಿಗೆ ತಣ್ಣೀರು. ನಮ್ಮ ಅಜ್ಜಿ ಮೊಮ್ಮಕ್ಕಳಿಗೆ ನೀರು ಬೆರೆಸುವಾಗ ಎಣಿಸುತ್ತಿರಲಿಲ್ಲ, ಮುಂಗೈ ಅದ್ದಿ ನೋಡುತ್ತಿದ್ದಳು. ಅವಳ ಕೈಗೆ ಗೊತ್ತಿದ್ದದ್ದನ್ನೇ ಪುಸ್ತಕ ಬರೆದಿಟ್ಟಿದೆ.

ಜೋಕಾಲಿಯನ್ನು ಬಿಡಲಾರೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಮರಮರಕ್ಕೂ ಜೋಕಾಲಿ ಬೀಳುತ್ತದೆ. ನಮ್ಮ ಅಂಗಳದಲ್ಲೂ ಮಾವಿನ ಮರಕ್ಕೆ ಒಂದಿದೆ. ಹತ್ತು ಸಲ ಹೋಗಿ ಬರಲು 45 ಸೆಕೆಂಡು, ಎಂದರೆ ಒಮ್ಮೆಗೆ 4.5. ಅದರ ಅರ್ಧ 2.25. ಅದನ್ನು ಅದರಿಂದಲೇ ಗುಣಿಸಿದರೆ 5.06, ಹಗ್ಗದ ಉದ್ದ ಸುಮಾರು 5 ಮೀಟರು! ಮರ ಹತ್ತದೆ, ಟೇಪು ಹಿಡಿಯದೆ ಕೊಂಬೆಯ ಎತ್ತರ ಸಿಕ್ಕಿತು. ಪಕ್ಕದ ಮನೆಯ ಗೆಳತಿಯನ್ನೂ ಕೂರಿಸಿಕೊಂಡು ತೂಗಿದರೂ ಅಷ್ಟೇ ಹೊತ್ತು. ನಿಂತು ಜೀಕಿದರೆ ಮಾತ್ರ ಸ್ವಲ್ಪ ಬೇಗ, ಮೈಭಾರ ಮೇಲೇರಿ ಲೋಲಕ ಗಿಡ್ಡವಾಗುವುದರಿಂದ.

ಜುಲೈಯಲ್ಲಿ ಜೋಗ ತುಂಬಿದ ಸುದ್ದಿ ಬಂತು. ಸಾಗರದಿಂದ 30 ಕಿಲೊಮೀಟರು. ಬಸ್ಸು ಗಂಟೆಗೆ 30ರಂತೆ ಹೋಗಿ 60ರಂತೆ ಬಂದರೆ ಸರಾಸರಿ 45 ಅಲ್ಲ, 40 ಎಂಬುದನ್ನು ಅವಳು ದಾರಿಯಲ್ಲೇ ನನಗೆ ಬಿಡಿಸಿ ಹೇಳಿದಳು: ನಿಧಾನದ ದಾರಿಯಲ್ಲಿ ಒಂದು ಗಂಟೆ ಕಳೆಯುತ್ತೇವೆ, ಬೇಗದ ದಾರಿಯಲ್ಲಿ ಅರ್ಧವೇ ಗಂಟೆ. ನಾನು ಕಿಟಕಿ ಪಕ್ಕ ಕೂತು ಕೇಳಿಸಿಕೊಂಡೆ.

ಜೋಗದಲ್ಲಿ ಮಂಜು ಸರಿಯುವವರೆಗೆ ಕಂಬಿ ಹಿಡಿದು ನಿಂತೆವು. ರಾಜಾ ಧಾರೆ ಬೀಳುವ ಎತ್ತರ 253 ಮೀಟರು. ಅವಳು ಕೊಡೆಯ ಕೆಳಗೆ ಅಂಗೈಯಲ್ಲೇ ಲೆಕ್ಕ ಬರೆದುಕೊಂಡಳು. ಗಾಳಿ ಇಲ್ಲವೆಂದುಕೊಂಡರೆ ತುದಿಯಿಂದ ತಳಕ್ಕೆ 7.2 ಸೆಕೆಂಡು, ತಳದಲ್ಲಿ ಗಂಟೆಗೆ 250 ಕಿಲೊಮೀಟರಿಗೂ ಮಿಕ್ಕಿದ ವೇಗ. ಮೇಲಂಚಿನಲ್ಲಿ ಬಿಳಿ ನೀರಿನ ಒಂದು ಮುದ್ದೆಯನ್ನು ಕಣ್ಣಿನಲ್ಲಿ ಹಿಡಿದು ಎಣಿಸತೊಡಗಿದಳು. ಏಳಾಯಿತು, ಎಂಟಾಯಿತು. ಮುದ್ದೆ ಒಡೆದು ಹನಿಯಾಗಿ, ಹನಿ ಹೊಗೆಯಾಗಿ ಇನ್ನೂ ಇಳಿಯುತ್ತಲೇ ಇತ್ತು.

"ಅತ್ತೆ, ಇಲ್ಲಿ ಗಾಳಿ ಇಲ್ಲ ಅಂತ ಭಾವಿಸೋ ಹಾಗಿಲ್ಲ" ಎಂದಳು. ಇನ್ನೊಂದು ಮುದ್ದೆಯನ್ನು ಹುಡುಕಿ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು.