ಅಪ್ಪನ ಮೈಮೇಲೆ ಬಂದದ್ದು ಮಲ್ಲಯ್ಯ ಅಲ್ಲ

ಚಂಪಾಷಷ್ಠಿಯ ದಿನ ಮಂಗಸೂಳಿಯ ಖಂಡೋಬಾ ಗುಡಿಯ ಮುಂದೆ ಎಲ್ಲವೂ ಹಳದಿ. ಭಂಡಾರ ಹಾರುತ್ತದೆ, ‘ಯೇಳ್ಕೋಟ್’ ಎಂಬ ಕೂಗಿಗೆ ಕಿವಿ ಕಿವುಡಾಗುತ್ತದೆ. ನಾನು ಫೋಟೋಕ್ಕೆಂದು ಕಟ್ಟೆ ಹತ್ತಿ ನಿಂತಿದ್ದೆ. ಕೆಳಗೆ ಅಪ್ಪ ತೂಗಾಡುತ್ತಿದ್ದ. ಮಾತು ತೊದಲುತ್ತಿತ್ತು, ಪಕ್ಕದವರನ್ನು ಸುಮ್ಮನೆ ಬೈಯುತ್ತಿದ್ದ. ಒಬ್ಬರು ‘ದೇವರ ಬಂದೈತಿ’ ಅಂದು ಕೈ ಮುಗಿದರು. ಇನ್ನೊಬ್ಬರು ‘ಮುಂಜಾನೇನ ಹಾಕ್ಯಾನ’ ಅಂದು ನಕ್ಕರು. ನಿಜ ಹೇಳುತ್ತೇನೆ, ನನಗೂ ಎರಡನೆಯದೇ ಅನಿಸಿತು. ಅಪ್ಪ ಕುಡಿಯುವುದಿಲ್ಲ ಎಂದು ಗೊತ್ತಿದ್ದೂ ಅನಿಸಿತು. ಮರ್ಯಾದೆಯ ಚಿಂತೆ ಮೊದಲು ಬಂತು.

ಅವ್ವ ಬಂದು ಅಪ್ಪನ ಕುತ್ತಿಗೆಗೆ ಕೈ ಇಟ್ಟಳು. ತಣ್ಣನೆ ಬೆವರು, ಕೈ ಗಡಗಡ. ‘ಲೇ ತಮ್ಮಾ, ಗುಳಿಗಿ ನುಂಗಿ ಉಣ್ಣದಿದ್ರ ನನಗ ಹಿಂಗ ಆಗತೈತಿ. ಸಕ್ಕರಿ ತಾ.’

‘ಅಪ್ಪಗ ಶುಗರ್ ಎಲ್ಲೈತಿ ಅವ್ವಾ?’ ಅಂದೆ.

‘ಮೊದ್ಲ ತಾ, ಆಮ್ಯಾಲ ಕೇಳು.’

ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಮಷಿನ್ ಇತ್ತು. ಬೆರಳು ಚುಚ್ಚಿದಾಗ 43. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ 55ಕ್ಕಿಂತ ಕೆಳಗಿಳಿದರೆ ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅಪ್ಪನಿಗೆ ಎಚ್ಚರವಿತ್ತು, ನುಂಗುತ್ತಿದ್ದ. ಹಾಗಾಗಿ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಹೊಳ್ಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಕಾಲು ತಾಸಿನ ಮೇಲೆ 74. ಅಪ್ಪ ನನ್ನನ್ನು ನೋಡಿ ‘ಫೋಟೋ ತಗದಿ ಏನು?’ ಅಂದ.

‘ಉಪಾಸಕ್ಕ ಆಗಿರಬೇಕು’ ಅಂದುಕೊಂಡು ಮನೆಗೆ ಹೊರಟೆವು. ಅಲ್ಲಿ ತಪ್ಪಿದೆವು. ಒಂದು ತಾಸಿನೊಳಗೆ ಮತ್ತೆ ಅದೇ ಬೆವರು, ಅದೇ ತೊದಲು. ಮತ್ತೆ ಸಕ್ಕರೆ ನೀರು ಕುಡಿಸಿ, ಗಾಡಿ ಮಾಡಿಕೊಂಡು ಮಿರಜಿಗೆ ಓಡಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್ ಸಾಲು. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಅಪ್ಪನ ರಕ್ತದಲ್ಲಿ ಸಕ್ಕರೆ ನಿಲ್ಲುತ್ತಿರಲಿಲ್ಲ.

ಅಲ್ಲಿನ ಡಾಕ್ಟರು ಗ್ಲೂಕೋಸ್ ಹಚ್ಚಿಸಿ ಕೇಳಿದ ಮೊದಲ ಪ್ರಶ್ನೆ: ‘ಮನ್ಯಾಗ ಯಾರಿಗರೆ ಶುಗರ್ ಐತೇನ್ರಿ?’ ಒಂದು ದಿನದ ಉಪವಾಸಕ್ಕೆ ಆರೋಗ್ಯವಂತರ ಸಕ್ಕರೆ ಇಷ್ಟು ಇಳಿಯುವುದಿಲ್ಲವಂತೆ, ಯಕೃತ್ತು ತನ್ನ ಸಂಗ್ರಹದಿಂದ ಕೊಡುತ್ತಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಸೆರೆ ಕುಡಿದರೆ ಯಕೃತ್ತಿನ ಆ ಕೆಲಸಕ್ಕೇ ಅಡ್ಡಿಯಾಗುತ್ತದೆ. ಇದನ್ನು ಕೇಳಿದಾಗ ಕಬ್ಬು ಕಡಿಯುವ ಗ್ಯಾಂಗಿನವರು ನೆನಪಾದರು. ಸಂಜೆ ದಾರಿ ಬದಿ ಬಿದ್ದವನನ್ನು ‘ಕುಡದ ಬಿದ್ದಾನ’ ಎಂದು ದಾಟಿ ಹೋಗುತ್ತೇವೆ, ನಾನೂ ಹೋಗಿದ್ದೇನೆ. ಅವರಲ್ಲಿ ಎಷ್ಟು ಜನರ ಬೆರಳು ಯಾರು ಚುಚ್ಚಿ ನೋಡಿದ್ದಾರೆ?

ತಂಗಿಗೆ ಫೋನ್ ಮಾಡಿ ಗುಳಿಗಿ ಎಣಿಸಲು ಹೇಳಿದೆ. ಅವ್ವನ ಗ್ಲಿಮೆಪಿರೈಡ್ ಪಟ್ಟಿಯಲ್ಲಿ ಒಂದು ಕಡಿಮೆ. ಅಪ್ಪನ ಬಿಪಿ ಪಟ್ಟಿಯಲ್ಲಿ ಒಂದು ಹೆಚ್ಚು. ನಸುಕಿನಲ್ಲಿ ಲೈಟ್ ಹಾಕದೆ ನುಂಗಿದ್ದಾನೆ. ಎರಡನ್ನೂ ಒಂದೇ ಕ್ಯಾರಿಬ್ಯಾಗಿನಲ್ಲಿ ತಂದು ಮೊಳೆಗೆ ಸಿಕ್ಕಿಸಿದವನು ನಾನು.

ಆ ಗುಳಿಗಿಯ ಪ್ರಭಾವ ದಿನವಿಡೀ ಇರುತ್ತದೆ, ಅದಕ್ಕೇ ಸಕ್ಕರೆ ಕೊಟ್ಟರೂ ಮತ್ತೆ ಇಳಿದದ್ದು. ರಾತ್ರಿಯಿಡೀ ತಾಸಿಗೊಮ್ಮೆ ಬೆರಳು ಚುಚ್ಚಿದರು. ಡಾಕ್ಟರು ಇನ್ನೊಂದು ಮಾತು ಹೇಳಿದರು. ಅಮೆರಿಕದ ವಿಪ್ಪಲ್ ಎಂಬ ಶಸ್ತ್ರವೈದ್ಯರು 1930ರ ದಶಕದಲ್ಲೇ ಇದಕ್ಕೆ ಮೂರು ಗುರುತು ಹೇಳಿದ್ದಾರಂತೆ: ಲಕ್ಷಣ ಕಾಣಬೇಕು, ಅದೇ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಬರೀ ನಡುಕ, ಹಸಿವು, ಎದೆಬಡಿತ ಬಂದರೆ ‘ಲೋ ಶುಗರ್’ ಎಂದು ತಾವೇ ತೀರ್ಮಾನಿಸಿ ಪೇಡೆ ತಿನ್ನುವವರು ಬಹಳ, ಅದು ಬೇರೆ ಏನೋ ಆಗಿರಬಹುದು. ಗುಳಿಗಿ, ಸೆರೆ ಯಾವುದೂ ಇಲ್ಲದೆ ಪದೇಪದೇ ಇಳಿಯುತ್ತಿದ್ದರೆ ಮೇದೋಜೀರಕದಲ್ಲಿ ಅಪರೂಪದ ಗಡ್ಡೆ ಇದೆಯೇ ಎಂದೂ ನೋಡಬೇಕಾಗುತ್ತದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜಾತ್ರೆಯ ಸುದ್ದಿ ಕಳಿಸಿದೆ, ಮರುದಿನ ಸಿಂಗಲ್ ಕಾಲಂ ಬಂತು. ಈಗ ಅವ್ವನ ಗುಳಿಗಿ ಬಿಸ್ಕೀಟ್ ಡಬ್ಬಿಯಲ್ಲಿ, ಅಪ್ಪನದು ದೇವರ ಜಗುಲಿಯ ಮೇಲೆ. ಅಪ್ಪ ಮಾತ್ರ ಊರಲ್ಲಿ ಯಾರಾದರೂ ಕೇಳಿದರೆ ಇವತ್ತಿಗೂ ‘ಮಲ್ಲಯ್ಯ ಬಂದಿದ್ದ’ ಅಂತಲೇ ಹೇಳುತ್ತಾನೆ.