ಆರು ಎಸೆತಗಳ ಅಂದಾಜು

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಸೋಮನೂರಿನ ಮನೆಗೆ ಹೋದಾಗ ನನ್ನ ತಮ್ಮ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಮೇಲ್ವಿಚಾರಕನಾಗಿದ್ದ. ತಂಡವಿದ್ದದ್ದು ಟಿ.ವಿ. ಪರದೆಯ ಮೇಲೆ, ‘ಎಂಎಲ್‌ಬಿ ದಿ ಶೋ’ ಎಂಬ ವಿಡಿಯೊ ಗೇಮಿನಲ್ಲಿ. ಕೊಯಮತ್ತೂರು ಮತ್ತು ತಿರುಪ್ಪೂರಿನ ನಡುವೆ ಇರುವ ನಮ್ಮ ಊರಿನಲ್ಲಿ ಹಗಲಿರುಳೂ ಕೇಳುವುದು ಪವರ್‌ಲೂಮಿನ ಸದ್ದು. ಬಯಲಿನಲ್ಲಿ ಆಡುವುದು ಕ್ರಿಕೆಟ್ಟು. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ನಮ್ಮ ದೇವಾಂಗರ ಮನೆಗನ್ನಡ. ಇವುಗಳ ನಡುವೆ ಬೇಸ್‌ಬಾಲ್ ಎಲ್ಲಿಂದ ಬಂತೆಂದು ಕೇಳಿದೆ. “ಸುಮ್ನೆ ಕೂತ್ಕೊಂಡು ನೋಡಕ್ಕಾ” ಎಂದ. ಎರಡು ವಾರ ನೋಡುತ್ತಲೇ ಕುಳಿತೆ.

ಅವನು ಆಯ್ದುಕೊಂಡಿದ್ದ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್. ಅದಕ್ಕೊಂದು ಕಾರಣವಿತ್ತು. 2008ರಲ್ಲಿ ನಮ್ಮ ದೇಶದಲ್ಲಿ ನಡೆದ ಚೆಂಡೆಸೆತದ ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಪಟುಗಳನ್ನು ಅದೇ ವರ್ಷ ಒಪ್ಪಂದ ಮಾಡಿಕೊಂಡದ್ದು ಈ ತಂಡವೇ. ಅವರಿಬ್ಬರೂ ಮೇಜರ್ ಲೀಗಿನ ಅಂಗಳವನ್ನು ತಲುಪಲಿಲ್ಲ. ಆದರೂ ಹುಡುಕುವವರ ಕಣ್ಣು ಒಮ್ಮೆ ಅಷ್ಟು ದೂರ ಬಂದಿತ್ತು ಎಂಬುದೇ ತಮ್ಮನಿಗೆ ಮುಖ್ಯವಾಗಿತ್ತು.

ಈ ಆಟದಲ್ಲಿ ಫ್ರಾಂಚೈಸಿ ಎಂಬ ಬಗೆಯೊಂದಿದೆ. ಅದರಲ್ಲಿ ದಾಂಡನ್ನು ಬೀಸುವುದಕ್ಕಿಂತ ತಂಡವನ್ನು ವರ್ಷಾನುವರ್ಷ ನಡೆಸುವುದೇ ದೊಡ್ಡ ಕೆಲಸ. ಅದರಲ್ಲಿಯೂ ತಮ್ಮನಿಗೆ ಪ್ರಿಯವಾದದ್ದು ಎಳೆಯ ಆಟಗಾರರನ್ನು ಹುಡುಕುವ ಕೆಲಸ. ನಮ್ಮಲ್ಲಿ ಐಪಿಎಲ್ ಹರಾಜಿನಂತೆ ಅಲ್ಲಿ ಡ್ರಾಫ್ಟ್ ಎಂಬ ಪದ್ಧತಿ. ಹಣದ ಕೂಗಾಟವಿಲ್ಲದೆ, ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಹೆಸರಿಸುತ್ತ ಹೋಗುತ್ತವೆ. ಅಮೆರಿಕದಲ್ಲಿ ಇದು ಆರಂಭವಾದದ್ದು 1965ರಲ್ಲಿ. ಆ ದಿನಕ್ಕೆ ಮೊದಲೇ ಸ್ಕೌಟ್‌ಗಳೆಂಬ ಶೋಧಕರನ್ನು ಊರೂರಿಗೆ ಕಳುಹಿಸಿ, ಯಾರಲ್ಲಿ ಏನಿದೆಯೆಂದು ತಿಳಿದುಕೊಂಡಿರಬೇಕು. ಗೇಮಿನಲ್ಲಿ ಪ್ರತಿಯೊಬ್ಬ ಹುಡುಗನ ಮುಂದೆಯೂ ಅವನು ಎಷ್ಟರ ಮಟ್ಟಿಗೆ ಬೆಳೆಯಬಲ್ಲನೆಂಬುದನ್ನು ಸೂಚಿಸುವ ಒಂದು ಅಕ್ಷರವಿರುತ್ತದೆ: ಎ, ಬಿ, ಸಿ, ಡಿ. ಸ್ಕೌಟ್ ಹೆಚ್ಚು ದಿನ ನೋಡಿದಷ್ಟೂ ಅಂದಾಜು ಖಚಿತವಾಗುತ್ತದೆ. ಆದರೆ ಸ್ಕೌಟ್‌ಗಳು ಕೆಲವರೇ, ದಿನಗಳೂ ಎಣಿಕೆಯವು. ಒಬ್ಬನನ್ನು ನೋಡುವುದೆಂದರೆ ಇನ್ನೊಬ್ಬನನ್ನು ನೋಡದೆ ಬಿಡುವುದೆಂದೇ ಅರ್ಥ.

ನಮ್ಮಿಬ್ಬರಿಗೂ ಜಗಳ ಹತ್ತಿದ್ದು ಇಲ್ಲಿಯೇ. ಪಟ್ಟಿಯ ತೀರ ಕೆಳಗೆ ಎಡಗೈ ಪಿಚರ್ ಒಬ್ಬನಿದ್ದ. ಅವನ ಮುಂದೆ ‘ಸಿ’ ಎಂದಿತ್ತು. ತಮ್ಮ ತನ್ನ ಅತ್ಯುತ್ತಮ ಸ್ಕೌಟನ್ನು ಅವನ ಹಿಂದೆ ಕಳುಹಿಸಿದ. ಮೇಲಿನ ಸಾಲಿನಲ್ಲಿ ‘ಎ’ಗಳು ಕಾಯುತ್ತಿರುವಾಗ ಇದು ವ್ಯರ್ಥವಲ್ಲವೇ ಎಂದು ನಾನು ವಾದಿಸಿದೆ. “ಅದು ಅವನ ಅಕ್ಷರ ಅಲ್ಲಕ್ಕಾ. ನೋಡಿದವನು ಎಷ್ಟು ಕಡಿಮೆ ನೋಡಿದಾನೆ ಅನ್ನೋದರ ಅಕ್ಷರ” ಎಂದ. ಆ ಮಾತನ್ನು ಅವನು ಆಟವನ್ನು ಕುರಿತಷ್ಟೇ ಆಡಿದನೆಂದು ನಾನು ಅಂದುಕೊಂಡಿದ್ದೆ.

ನಿಜವಾದ ಬೇಸ್‌ಬಾಲ್ ಶೋಧಕರು ಬಳಸುವುದು 20ರಿಂದ 80ರವರೆಗಿನ ಅಳತೆ. 50 ಎಂದರೆ ಮೇಜರ್ ಲೀಗಿನ ಸರಾಸರಿ. ಚೆಂಡನ್ನು ಹೊಡೆಯುವ ಕೌಶಲ, ಹೊಡೆತದ ಬಲ, ಓಟ, ಕ್ಷೇತ್ರರಕ್ಷಣೆ, ಎಸೆತ ಎಂಬ ಐದಕ್ಕೂ ಬೇರೆಬೇರೆ ಅಂಕ. ಜೊತೆಗೆ, ಇಂದು ಎಷ್ಟು, ನಾಳೆ ಎಷ್ಟಾಗಬಹುದು ಎಂಬ ಎರಡು ಲೆಕ್ಕ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಮ್ಮ ಇದನ್ನು ವಿವರಿಸುತ್ತಿದ್ದಾಗ ಅಮ್ಮ ನಕ್ಕರು. ಅವರು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಚೆಕ್ಕಿಂಗ್ ಮಾಡುವವರು. ಬೆಳಕಿನ ಎದುರು ಹಾಯುವ ಬಟ್ಟೆಯಲ್ಲಿ ದೋಷವನ್ನು ಗುರುತಿಸಿ ಅಂಕ ಹಾಕುವುದು ಅವರ ಕಸುಬು: ಮೂರು ಇಂಚಿನೊಳಗಿನ ದೋಷಕ್ಕೆ ಒಂದು, ಆರರವರೆಗೆ ಎರಡು, ಒಂಬತ್ತರವರೆಗೆ ಮೂರು, ಅದನ್ನು ಮೀರಿದರೆ ನಾಲ್ಕು. ನೂರು ಚದರ ಗಜಕ್ಕೆ ಅಂಕ ನಲವತ್ತನ್ನು ದಾಟಿದರೆ ಸಾಮಾನ್ಯವಾಗಿ ಆ ಬಟ್ಟೆ ತಿರಸ್ಕೃತ.

“ಬಟ್ಟೆಗೆ ನಾಕು ಪಾಯಿಂಟು ಹಾಕ್ತೀವಿ, ಸರಿ. ಅದು ನೇಯ್ದು ಮುಗಿದಿರ್ತದೆ. ಹುಡುಗ್ರು ಇನ್ನೂ ಮಗ್ಗದ ಮೇಲೇ ಇರ್ತಾರಲ್ಲ?” ಎಂದರು ಅಮ್ಮ.

ತಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. ಆಗ ನನಗೆ ನೆನಪಾಯಿತು. ಮೂರು ವರ್ಷಗಳ ಹಿಂದೆ, ಹದಿನಾರರ ವಯಸ್ಸಿನಲ್ಲಿ, ಅವನು ಕ್ರಿಕೆಟ್ ಆಯ್ಕೆಯೊಂದಕ್ಕೆ ಹೋಗಿದ್ದ. ಅವನೂ ಎಡಗೈ ಬೌಲರ್. ಬಿಸಿಲಿನಲ್ಲಿ ಸಾಲುಗಟ್ಟಿ ನಿಂತ ಹುಡುಗರಲ್ಲಿ ಪ್ರತಿಯೊಬ್ಬನಿಗೂ ಆರು ಎಸೆತ. ಮೊದಲ ಎರಡು ಕಾಲಿನ ಆಚೆಗೆ ಹೋದವು. ನಾಲ್ಕನೆಯದನ್ನು ಹಾಕುವ ಹೊತ್ತಿಗೆ ನೋಡುವವರು ಮುಂದಿನ ಹೆಸರಿನತ್ತ ತಿರುಗಿದ್ದರು. ಮನೆಗೆ ಬಂದವನು ಷೂಗಳನ್ನು ಅಟ್ಟದ ಮೇಲಿಟ್ಟ. ಅವನು ಮತ್ತೆ ಆಡಲಿಲ್ಲವೆಂಬುದನ್ನು ನಾನು ದೂರದ ಊರಿನಲ್ಲಿದ್ದು ಸರಿಯಾಗಿ ಗಮನಿಸಿರಲೂ ಇಲ್ಲ.

ನೋಡುವವರನ್ನು ನಾನು ಪೂರ್ತಿಯಾಗಿ ದೂರಲಾರೆ. ಅವರಿಗೂ ಒಂದೇ ಹಗಲು, ನೂರಾರು ಹುಡುಗರು. ಆದರೆ ಇಂಥ ಅಂದಾಜು ಎಷ್ಟು ದುರ್ಬಲವೆಂಬುದಕ್ಕೆ ಬೇಸ್‌ಬಾಲಿನ ಚರಿತ್ರೆಯೇ ಸಾಕ್ಷಿ. ಮೈಕ್ ಪಿಯಾಜಾನನ್ನು 1988ರ ಡ್ರಾಫ್ಟಿನಲ್ಲಿ ಆರಿಸಿದ್ದು 62ನೆಯ ಸುತ್ತಿನಲ್ಲಿ, 1,390ನೆಯವನಾಗಿ; ಅದೂ ಅವನ ತಂದೆಗೆ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಸ್ನೇಹಿತನೆಂಬ ದಾಕ್ಷಿಣ್ಯಕ್ಕೆ. 2016ರಲ್ಲಿ ಅವನು ಹಾಲ್ ಆಫ್ ಫೇಮ್ ಸೇರಿದ. ಈಗ ಡ್ರಾಫ್ಟಿನಲ್ಲಿ ಇರುವುದೇ 20 ಸುತ್ತು. ತಂದೆಗೆ ಅಂಥ ಸ್ನೇಹಿತನಿಲ್ಲದ ಹುಡುಗರ ಲೆಕ್ಕವನ್ನು ಯಾವ ದಾಖಲೆಯೂ ಇಟ್ಟಿಲ್ಲ.

ನಮ್ಮ ಕಡೆಯ ನಿದರ್ಶನವೂ ಉಂಟು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಟೆನ್ನಿಸ್ ಚೆಂಡಿನಲ್ಲಿ ಆಡುತ್ತ ಬೆಳೆದವರು. 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಆರಂಭವಾಗಿ, ದಿಂಡಿಗಲ್ ತಂಡದಲ್ಲಿ ಅವರ ಬೌಲಿಂಗನ್ನು ಜನ ಕಂಡರು. ಮರುವರ್ಷದ ಐಪಿಎಲ್ ಹರಾಜಿನಲ್ಲಿ ಅವರ ಬೆಲೆ ಮೂರು ಕೋಟಿ ರೂಪಾಯಿ. 2020–21ರ ಒಂದೇ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರು ಬಗೆಯ ಕ್ರಿಕೆಟ್ಟಿಗೂ ಭಾರತದ ಪರವಾಗಿ ಪದಾರ್ಪಣೆ. ಅವರ ತೋಳಿನ ಬಲ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಕಣ್ಣುಗಳು ಜಿಲ್ಲೆಗಳ ಕಡೆಗೆ ತಿರುಗಿದವು, ಅಷ್ಟೇ. ಇಂದು ಕೊಯಮತ್ತೂರಿಗೂ ತಿರುಪ್ಪೂರಿಗೂ ಆ ಲೀಗಿನಲ್ಲಿ ತಂಡಗಳಿವೆ. 2025ರ ಪ್ರಶಸ್ತಿ ತಿರುಪ್ಪೂರಿನ ತಂಡದ್ದೇ.

ಇದನ್ನು ನಮ್ಮ ವಿಭಾಗದ ವಾರ್ತಾಪತ್ರದಲ್ಲಿ ಬರೆಯಲು ಕಾರಣವಿದೆ. ಹತ್ತು ವರ್ಷಗಳ ಹಿಂದೆ ನಾನು ಇಲ್ಲಿಗೆ ಪ್ರವೇಶ ಕೇಳಿ ಬಂದಾಗ ನನ್ನ ಕನ್ನಡ ಮನೆಗನ್ನಡವಾಗಿತ್ತು; ಓದಿದ್ದೆಲ್ಲ ತಮಿಳಿನಲ್ಲಿ. ಗದ್ಯದ ಒಂದು ಪುಟವನ್ನು ಓದೆಂದು ಕೊಟ್ಟಾಗ ಒತ್ತಕ್ಷರಗಳಲ್ಲಿ ಎಡವಿ ಎರಡನೆಯ ವಾಕ್ಯಕ್ಕೇ ನಿಂತುಬಿಟ್ಟೆ. ಅಂಕ ಹಾಕಿ ಕಳುಹಿಸಲು ಅಷ್ಟು ಸಾಕಾಗಿತ್ತು. ನಮ್ಮ ಮೇಡಂ ಪುಸ್ತಕವನ್ನು ಮುಚ್ಚಿ, “ನಿಮ್ಮಮ್ಮ ಮಗ್ಗದ ಭಾಗಗಳಿಗೆ ಏನೇನು ಹೆಸರು ಹೇಳ್ತಾರಮ್ಮ?” ಎಂದು ಕೇಳಿದರು. ಲಾಳಿ, ಹಾಸು, ಹೊಕ್ಕು ಎಂದು ನಾನು ಹೇಳುತ್ತ ಹೋದೆ. ಅರ್ಧ ಗಂಟೆ ಅವರು ಬರೆದುಕೊಂಡರು. ಇಂದು ಅದೇ ಕೋಣೆಯಲ್ಲಿ ನಾನು ಅತಿಥಿ ಉಪನ್ಯಾಸಕಿ. ಆದರೂ ಕಳೆದ ವರ್ಷ ಅಂತರಕಾಲೇಜು ಭಾಷಣ ಸ್ಪರ್ಧೆಗೆ ವಿದ್ಯಾರ್ಥಿಗಳನ್ನು ಆರಿಸುವಾಗ ತಲೆಗೆ ಮೂರು ನಿಮಿಷವಿಟ್ಟು, ಒಂದನೆಯ ನಿಮಿಷದಲ್ಲಿಯೇ ಅಂಕ ಬರೆದಿಟ್ಟವಳೂ ನಾನೇ.

ರಜೆ ಮುಗಿಯುವ ಹೊತ್ತಿಗೆ ಗೇಮಿನಲ್ಲಿ ನಾಲ್ಕು ವರ್ಷ ಕಳೆದಿದ್ದವು. ಆ ಎಡಗೈ ಹುಡುಗ ತಾರೆಯಾಗಲಿಲ್ಲ. ಎರಡು ಋತುಗಳಲ್ಲಿ ಆಗೀಗ ಚೆಂಡೆಸೆದು ತಂಡದಿಂದ ಹೊರಬಿದ್ದ. ನನ್ನ ವಾದವೇ ಗೆದ್ದಿತೆಂದು ಕೆಣಕಿದೆ. “ಇರಲಿ ಬಿಡಕ್ಕಾ, ನೋಡಿದ ಮೇಲೆ ಗೊತ್ತಾಯ್ತಲ್ಲ” ಎಂದ ತಮ್ಮ.

ಹೊರಡುವ ದಿನ ಅಟ್ಟದಿಂದ ನನ್ನ ಚೀಲವನ್ನು ಇಳಿಸುವಾಗ ಷೂಗಳು ಅಲ್ಲಿಯೇ ಇದ್ದವು. ಇಳಿಸಲೇ ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ಇಳಿಸಿ, ಧೂಳು ಒರೆಸಿ, ಬಾಗಿಲ ಬಳಿ ಇಟ್ಟು ಬಂದಿದ್ದೇನೆ. ಈ ಸಲ ನಮ್ಮ ಭಾಷಣ ತಂಡದ ಆಯ್ಕೆ ಒಂದೇ ಸಂಜೆಯಲ್ಲಿ ಮುಗಿಯುವುದಿಲ್ಲ. ಕಳೆದ ವರ್ಷ ಎರಡನೆಯ ವಾಕ್ಯಕ್ಕೇ ನಿಂತವರು ಮೊದಲು ಬರಬೇಕೆಂದು ಕೋರುತ್ತೇನೆ.